ಅರ್ಧಕ್ಕೆ ನಿಂತ ಬೈಗುಳ

ಇಸ್ತ್ರಿ ಅಂಗಡಿ ನಡೆಸುವ ಅತ್ತೆಗೆ ಬೀದಿ ಇಟ್ಟ ಹೆಸರು ಮೈಕಮ್ಮ. ಇಸ್ತ್ರಿಪೆಟ್ಟಿಗೆಯ ಕಾವು ಇಳಿದರೂ ಬಾಯಿಯ ಕಾವು ಇಳಿಯುತ್ತಿರಲಿಲ್ಲ. ಮುದುರಿದ ಅಂಗಿ ತಂದವನಿಗೆ, "ಇದನ್ನ ಹಾಕ್ಕೊಂಡಿದ್ರಾ, ಅಗಿದು ಉಗಿದ್ರಾ?" ಎಂದು ಕೇಳದೆ ಬಿಟ್ಟವಳಲ್ಲ.

ಅಂಥವಳು ಒಂದು ದಿನ ಸೊಸೆಗೆ, "ನೀರು ಚಿಮುಕಿಸು ಅಂದ್ರೆ ಬಟ್ಟೆಗೆ ಸ್ನಾನ ಮಾಡಿಸ್ತೀಯಲ್ಲೇ, ನಿಮ್ಮಪ್ಪ..." ಎನ್ನುವಲ್ಲಿಗೆ ನಿಂತುಬಿಟ್ಟಳು. ದವಡೆ ಹಿಡಿದುಕೊಂಡು ಸುಮ್ಮನೆ ಕೂತಳು. ಅಲ್ಲಿಂದ ಮುಂದೆ ನಾಲ್ಕು ಮಾತಿಗೇ ದವಡೆ ಸೋಲುತ್ತಿತ್ತು. ಬಾಚಣಿಗೆ ತಾಗಿದರೆ ಕಣತಲೆ ಉರಿಯುತ್ತಿತ್ತು.

"ಮೈಕಿಗೆ ಕರೆಂಟ್ ಹೋಗಿದೆ," ಎಂದ ಎದುರಿನ ಚಪ್ಪಲಿ ಅಂಗಡಿಯವನು. "ವಯಸ್ಸಾಯ್ತಲ್ಲ, ಮಾಗಿದಾರೆ," ಎಂದಳು ಪಕ್ಕದ ಮನೆಯವಳು. ಸೊಸೆಗೂ ಒಳಗೊಳಗೇ ಖುಷಿ. ಹೆಂಗಸು ಬಾಯಿ ಮುಚ್ಚಿದರೆ ನಮ್ಮ ಜನಕ್ಕೆ ಅದು ರೋಗವಾಗಿ ಕಾಣುವುದಿಲ್ಲ, ಸದ್ಗುಣವಾಗಿ ಕಾಣುತ್ತದೆ.

ಆಮೇಲೆ ಎಡಗಣ್ಣ ಮುಂದೆ ಪರದೆಯೊಂದು ಇಳಿದು ಏರಿತು. ಕನ್ನಡಕದಂಗಡಿಯವನು ಹೊಸ ಕನ್ನಡಕ ಮಾರಿ, ಚೆಂದದ ಡಬ್ಬಿ ಪುಕ್ಕಟೆ ಕೊಟ್ಟ. ಮತ್ತೆ ಇಳಿದ ಪರದೆ ಏಳಲಿಲ್ಲ; ಬಿಳಿ ಅಂಗಿಯೊಂದರ ಕಾಲರು ಕರಕಲಾಯಿತು. ಗಿರಾಕಿ ಕೂಗಾಡಿದ. ಅತ್ತೆ ಒಂದು ಮಾತೂ ತಿರುಗಿಸಲಿಲ್ಲ. ಆಗ ಸೊಸೆ ಅಂಗಡಿ ಮುಚ್ಚಿ ಅತ್ತೆಯ ಕೈ ಹಿಡಿದು ಹೊರಟಳು.

ಆಸ್ಪತ್ರೆಯಲ್ಲಿ ಚೀಟಿ ಬರೆಯುವವನು ಮುಖ ಎತ್ತದೆಯೇ, "ಪೊರೆ ಇರಬೇಕು, ಮುಂದಿನ ವಾರ ಬನ್ನಿ," ಎಂದ.

ಸೊಸೆ ಬಾಯಿ ತೆರೆದಾಗ ಬಂದದ್ದು ಅತ್ತೆಯ ಮಾತು. "ನೀವೇನು ಡಾಕ್ಟ್ರಾ? ನೋಡದೇನೇ ಹೇಳೋಕೆ? ಇವತ್ತೇ ತೋರಿಸ್ಬೇಕು. ಇಲ್ಲಾಂದ್ರೆ ಈ ಬಾಗಿಲಿಗೇ ಅಡ್ಡ ಕೂತ್ಕೋತೀನಿ."

ಅತ್ತೆ ಮೆಚ್ಚಿ ತಲೆದೂಗಿದಳು. ಬಾಗಿಲು ತೆರೆಯಿತು.

ಕಣ್ಣಿನ ಡಾಕ್ಟರಮ್ಮ ಟಾರ್ಚನ್ನು ಬಲಗಣ್ಣಿಂದ ಎಡಗಣ್ಣಿಗೆ ಸರಿಸಿದರು. ಬೆಳಕಿಗೆ ಕಿರಿದಾಗಬೇಕಾದ ಪಾಪೆ ಅಗಲವಾಯಿತು.

"ಅಗಿಯೋವಾಗ ದವಡೆ ನೋಯುತ್ತಾ, ಅಮ್ಮಾ?"

"ಅಗಿಯೋದು ಹಾಳಾಗ್ಲಿ. ಬೈಯೋಕೇ ಆಗ್ತಿಲ್ಲ."

ಡಾಕ್ಟರಮ್ಮ ನಗಲಿಲ್ಲ. "ತಲೆಗೆ, ದವಡೆಗೆ, ಕಣ್ಣಿಗೆ ರಕ್ತ ಒಯ್ಯೋ ನಾಳಗಳು ಉರಿ ಎದ್ದು ಊದಿಕೊಂಡಿರೋ ಹಾಗಿದೆ. ಹೋದ ಕಣ್ಣು ವಾಪಸ್ ಬರೋದು ಕಷ್ಟ. ಇನ್ನೊಂದನ್ನ ಉಳಿಸ್ಕೋಬೇಕಂದ್ರೆ ಈಗಲೇ ಔಷಧಿ ಶುರು ಮಾಡ್ಬೇಕು. ಮುಂದಿನ ವಾರ ಬಂದಿದ್ರೆ ಅದೂ ಹೋಗಿರ್ತಿತ್ತೇನೋ."

ಔಷಧಿ ನರಕ್ಕೆ ಇಳಿಯಿತು. ಬಲಗಣ್ಣು ಉಳಿಯಿತು, ದವಡೆಯೂ ಸಡಿಲವಾಯಿತು. ವಾರ್ಡಿನಲ್ಲಿ ಸೊಸೆ ಹೊದಿಕೆ ಮಡಚುವುದನ್ನು ಅತ್ತೆ ಉಳಿದ ಕಣ್ಣಲ್ಲಿ ನೋಡಿದಳು.

"ಇದಕ್ಕೆ ಮಡಚೋದು ಅಂತಾರೇನೇ? ಅವತ್ತು ಎಲ್ಲಿಗೆ ನಿಲ್ಲಿಸಿದ್ದೆ ನಾನು?"

"ನಿಮ್ಮಪ್ಪ ಅನ್ನೋ ಹತ್ರ, ಅತ್ತೆ," ಎಂದು ಸೊಸೆ ಸ್ಟೂಲು ಎಳೆದುಕೊಂಡು ಕೂತಳು.