ಹಿಂಗಾಲು ಉಳಿದ ನಾಯಿ

ಆ ದಿನ ಮಧ್ಯಾಹ್ನ ನೇಯ್ದು ಮುಗಿದ ಸೀರೆ ಕೊಯ್ದು ತೆಗೆದು ಮಗ್ಗ ಖಾಲಿಯಾಗಿತ್ತು. ಹಾಗಾಗಿ ನಾನು ನಾವೆಲ್ಲ ಆಯಿ ಎನ್ನುವ ಪಕ್ಕದ ಮನೆಯ ಮುದುಕಿಯ ಕಿಟಕಿಯ ಒಳಬದಿ ನೆಲಕ್ಕೆ ಕೂತಿದ್ದೆ. ನನ್ನ ಹೆಂಡತಿ ಹೊರಗೆ ಬೀದಿಯಲ್ಲಿ ಮಣೆ ಹಾಕಿಕೊಂಡು, ಅದೇ ಕಿಟಕಿಯ ತಂತಿ ಜಾಳಿಗೆಯ ಮೇಲೆ ಮುಧೋಳ ನಾಯಿಯ ಚಿತ್ರ ಬರೆಯುತ್ತಿದ್ದಳು.

ಬನಹಟ್ಟಿಯ ನಮ್ಮ ಓಣಿಯ ಕಿಟಕಿಗಳು ಬಹಳ ಕೆಳಗಿವೆ. ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯುವವರಿಗೆ ಬೆಳಕು ಬೇಕೆಂದು ಹಾಗೆ ಕಟ್ಟಿದ್ದಾರೆ. ದಾರಿಯಲ್ಲಿ ಹೋಗುವವರಿಗೆ ಒಳಗಿನ ಸಂಸಾರವೆಲ್ಲ ಕಾಣಬಾರದು ಎಂದು ಜಾಳಿಗೆಗೆ ಚಿತ್ರ ಬರೆಯುತ್ತೇವೆ. ಹಗಲಲ್ಲಿ ಹೊರಗಿನವರಿಗೆ ಚಿತ್ರವಷ್ಟೇ ಕಾಣುತ್ತದೆ. ಒಳಗಿನವರಿಗೆ ಬೀದಿ ಕಾಣುತ್ತದೆ, ಗಾಳಿಯೂ ಬರುತ್ತದೆ. ನನ್ನ ಅವ್ವ ಗಿಳಿ, ಬಳ್ಳಿ ಬರೆಯುತ್ತಿದ್ದಳು. ಅವಳಿಂದ ಕಲಿತ ನನ್ನ ಹೆಂಡತಿ ಕಬ್ಬಿನ ಟ್ರ್ಯಾಕ್ಟರ್, ತೇರದಾಳದ ಬಸ್ಸು, ಕೇಳಿದರೆ ಏನು ಬೇಕಾದರೂ ಬರೆಯುತ್ತಿದ್ದಳು.

ಈ ಕೆಲಸಕ್ಕೆ ಇಬ್ಬರು ಬೇಕು. ಬಣ್ಣ ತಂತಿಗಷ್ಟೇ ಹತ್ತಬೇಕು, ತೂತು ತೆರೆದಿರಬೇಕು. ಜಾಳಿಗೆಯ ಯಾವ ತೂತು ಬಣ್ಣದಿಂದ ಮುಚ್ಚಿದೆ ಎಂಬುದು ಬರೆಯುವವರಿಗೆ ತಿಳಿಯುವುದಿಲ್ಲ. ಒಳಗೆ ಕೂತವರು ಹೇಳಬೇಕು.

"ಕಿವಿ ಹಂತೇಲಿ ಮುಚ್ಚೇತಿ" ಎಂದೆ.

ಅವಳು ತುಟಿ ಹತ್ತಿರ ತಂದು ಊದಿದಳು. ಬಣ್ಣದ ಹನಿ ನನ್ನ ಕೆನ್ನೆಗೆ ಸಿಡಿಯಿತು. ಆಯಿ ನಕ್ಕಳು.

"ನಾಯಿ ಛಲೋ ಬರಿಯವಾ. ಕಳ್ಳರು ಹೆದರಬೇಕು."

"ಬರದ ನಾಯಿಗಿ ಯಾವ ಕಳ್ಳ ಹೆದರತಾನ ಆಯಿ?"

"ನಿನ್ನ ಗಂಡ ಹೆದರತಾನಲ್ಲ, ಅಷ್ಟ ಸಾಕು."

ಬಿಸಿಲು ಇಳಿದಾಗ ಅವಳು ಕುಂಚ ತೊಳೆದಳು. "ಹಿಂಗಾಲು ನಾಳೆ ಬರೀತೀನ್ರಿ, ಇವತ್ತ ಸೊಂಟ ಹಿಡದೈತಿ" ಎಂದಳು. ಮರುದಿನ ಬೆಳಿಗ್ಗೆ ನಳದ ಹತ್ತಿರ ಕೊಡದ ಪಕ್ಕದಲ್ಲೇ ಕುಸಿದಳು. ಜಮಖಂಡಿಯ ಆಸ್ಪತ್ರೆ ಮುಟ್ಟುವ ಮೊದಲೇ ಹೋಗಿಬಿಟ್ಟಳು.

ಕಾರ್ಯಗಳೆಲ್ಲ ಮುಗಿದ ಮೇಲೆ ಆಯಿಯ ಮಗ ಗಾಜಿನ ಕಿಟಕಿ ತಂದು ಗೋಡೆಗೆ ಆನಿಸಿಟ್ಟ. ಸರಿಸುವ ಗಾಜು, ಅದಕ್ಕೆ ಕಪ್ಪು ಹಾಳೆ ಅಂಟಿಸಿತ್ತು. ಓಣಿಯಲ್ಲಿ ಆಗಲೇ ಕೆಲವು ಮನೆಗಳಿಗೆ ಅದು ಬಂದಿತ್ತು.

"ಕಾಕಾ, ತಪ್ಪ ತಿಳ್ಕೋಬ್ಯಾಡ್ರಿ" ಎಂದ. "ಅರ್ಧಾ ನಾಯಿ ಎಷ್ಟ ದಿನಾ ಅಂತ ಇಡೂದ್ರಿ?"

"ಪೂರಾ ಆದ್ರ ಇಡತೀಯೇನು?"

"ಯಾರು ಪೂರಾ ಮಾಡವರು?"

"ನಾನ."

ಅವನು ನಗಲಿಲ್ಲ. ನಕ್ಕಿದ್ದರೆ ಒಳ್ಳೆಯದಿತ್ತು. ಅಯ್ಯೋ ಪಾಪ ಎಂಬಂತೆ ನನ್ನನ್ನು ನೋಡಿದ. ಆ ನೋಟಕ್ಕೇ ನನಗೆ ಹಟ ಬಂತು. ಅವಳು ಕೊನೆಗೆ ಕೈ ಹಚ್ಚಿದ ಜಾಳಿಗೆ ಗುಜರಿಗೆ ಹೋಗಕೂಡದು.

ಮರುದಿನವೇ ಅವಳ ಮಣೆಯ ಮೇಲೆ ಕೂತೆ. ನಾನು ಹುಟ್ಟಾ ನೇಕಾರ. ಬಟ್ಟೆಯಲ್ಲಿ ಸಂದು ಬಿದ್ದರೆ ಅದು ನಮಗೆ ಹುಳುಕು, ನೂಲನ್ನು ನೂಲಿಗೆ ಒತ್ತಿ ಬಡಿದೇ ಕೈ ಪಳಗಿದೆ. ಕುಂಚ ಹಿಡಿದ ಕೈಯೂ ಅದನ್ನೇ ಮಾಡಿತು. ಒಂದು ತೂತೂ ಬಿಡದೆ ತುಂಬುತ್ತ ಹೋದೆ. ಎಷ್ಟು ಗಟ್ಟಿಯಾಗಿ ಕೂತಿದೆ ಎಂದು ಖುಷಿಯೂ ಆಯಿತು. ಆಗ ಒಳಗಿಂದ ಆಯಿ ಕೂಗಿದಳು.

"ಲೇ ತಮ್ಮಾ, ಕತ್ತಲಿ ಆತಲ್ಲೋ! ನನಗ ಬೀದಿ ಕಾಣವಲ್ದು!"

ಅವಳ ಮಗ ಹೊರಗೆ ಬಂದು ನೋಡಿದ. "ಇದ ಮುಧೋಳ ನಾಯಿ ಅಲ್ರಿ ಕಾಕಾ, ಎಮ್ಮಿ ಕರಾ" ಎಂದ. ಈ ಸಲ ಜೋರಾಗಿ ನಕ್ಕ. ಕಟ್ಟೆಯ ಮೇಲೆ ಕೂತಿದ್ದವರೂ ನಕ್ಕರು. "ಹೆಂಡ್ತಿ ಕುಂಚ ಹಿಡದಾನ, ನಾಳೆ ಸೀರಿನೂ ಉಡತಾನು" ಎಂದ ಒಬ್ಬ.

"ಉಟ್ರ ನಾ ನೇದದ್ದನ್ನ ಉಡತೀನಿ. ನಿನ್ನ ಹಂತೇಲಿ ಬೇಡಾಕ ಬರೂದಿಲ್ಲ" ಎಂದೆ. ಅಷ್ಟು ಮಾತು ನಾನು ಆ ಓಣಿಯಲ್ಲಿ ಹಿಂದೆಂದೂ ಆಡಿರಲಿಲ್ಲ.

ರವಿವಾರ ಜಮಖಂಡಿಯಿಂದ ಹುಡುಗಿಯೊಬ್ಬಳು ಬಂದಳು. ಅಲ್ಲಿ ಚಿತ್ರಕಲೆ ಕಲಿಯುತ್ತ, ವಾರವಾರ ಬಂದು ನನ್ನ ಹೆಂಡತಿಯ ಹತ್ತಿರ ಈ ಕೆಲಸ ಕಲಿಯುತ್ತಿದ್ದವಳು. ನಾನು ಬರೆದ ಹಿಂಗಾಲನ್ನು ಉಗುರಿನಿಂದ ಕೆರೆದು ನೋಡಿದಳು.

"ಕಾಕಾ, ನೇಯಬ್ಯಾಡ್ರಿ. ಬರೀರಿ."

ಇಬ್ಬರೂ ಥಿನ್ನರ್ ಹಚ್ಚಿ ಆ ಕಾಲನ್ನು ಒರೆಸಿದೆವು. ಉಳಿದ ಬಣ್ಣವನ್ನು ಸೂಜಿಯಿಂದ ಬಿಡಿಸಿದೆವು. ಹೆಂಡತಿ ಬರೆದ ಬೆನ್ನಿಗೆ ಥಿನ್ನರ್ ತಾಗದಂತೆ ನಾನು ಅಂಗೈ ಅಡ್ಡ ಹಿಡಿದೆ. ಆಮೇಲೆ ಹುಡುಗಿ ಒಳಗೆ ಹೋಗಿ ನಾನು ಕೂರುತ್ತಿದ್ದ ಜಾಗದಲ್ಲಿ ಕೂತಳು. ಅವಳು "ಮುಚ್ಚೇತಿ" ಎಂದಾಗಲೆಲ್ಲ ನಾನು ಊದಿದೆ. ಮೊದಲು ಉಗುಳೂ ಸಿಡಿಯಿತು, ಬೈದಳು. ಸಂಜೆಗೆ ನಾಯಿ ನಾಲ್ಕು ಕಾಲಿನ ಮೇಲೆ ನಿಂತಿತು. ಹಿಂಗಾಲು ಇವತ್ತಿಗೂ ತುಸು ದಪ್ಪ.

ಆಯಿ ಕಿಟಕಿಗೆ ಮುಖ ಹಚ್ಚಿ ಬಹಳ ಹೊತ್ತು ಬೀದಿ ನೋಡಿದಳು. ಆಮೇಲೆ ಮಗನಿಗೆ ಹೇಳಿದಳು: "ಆ ಗಾಜು ಮ್ಯಾಲ ಒಯ್ದು ನಿನ್ನ ಖೋಲಿಗಿ ಹಾಕ್ಕೋ. ಇದನ್ನ ಮುಟ್ಟಿದರ ನೋಡು ಮತ್ತ."

ಈಗ ನಾನೂ ಆ ಹುಡುಗಿಯೂ ಪಕ್ಕದ ರಬಕವಿಯ ಕಿಟಕಿಗಳಿಗೂ ಬರೆಯುತ್ತೇವೆ. ಸತ್ತವಳ ನೆನಪಿಗೆ ಮಾಡುತ್ತಾನೆ, ಇನ್ನೆಷ್ಟು ದಿನ, ಎನ್ನುತ್ತಾರೆ ಜನ. ಕಿಟಕಿ ಇರುವವರೆಗೆ ಎನ್ನುತ್ತೇನೆ. ಯಾರಾದರೂ ಗಾಜು ಹಾಕಿಸುತ್ತಾರೆಂದು ಸುದ್ದಿ ಬಂದರೆ, ಕರೆಯದಿದ್ದರೂ ಬಣ್ಣದ ಡಬ್ಬಿ ಹಿಡಿದು ಹೋಗಿ ಬಾಗಿಲಲ್ಲಿ ನಿಲ್ಲುತ್ತೇನೆ. ಕೆಲವರು ಬೈದು ಕಳಿಸುತ್ತಾರೆ. ಮತ್ತೆ ಹೋಗುತ್ತೇನೆ.

ನನ್ನ ಮಗ್ಗದ ಪಕ್ಕದ ಕಿಟಕಿಯಲ್ಲಿ ಅವಳು ಬರೆದ ಬಸ್ಸು ಹಾಗೇ ಇದೆ. ಕುಣಿಯಲ್ಲಿ ಕೂತರೆ ಬೀದಿಯೆಲ್ಲ ಕಾಣುತ್ತದೆ, ಗಾಳಿ ಬರುತ್ತದೆ. ಆಚೆ ಕೂತು ಊದುವವಳು ಇಲ್ಲ.