ಇಸ್ತ್ರಿ ಮಾವ ಮದುವೆಯಾಗಲಿಲ್ಲ

ನನ್ನ ಸೋದರಮಾವ ಬೀದಿಗೆಲ್ಲ ಇಸ್ತ್ರಿ ಮಾವ. ಮೆಟ್ಟಿಲ ಕೆಳಗಿನ ಗೂಡಂಗಡಿಯಲ್ಲಿ ಎರಡು ಅಂಗಿ ತಿಕ್ಕುವಷ್ಟರಲ್ಲಿ ಏದುಸಿರು ಬಂದು ಸ್ಟೂಲಿನ ಮೇಲೆ ಕುಸಿಯುತ್ತಿದ್ದ. ಮೈಗಳ್ಳ ಎಂದು ಜನ ಆಡಿಕೊಳ್ಳುತ್ತಿದ್ದರು. ಕಿವಿ ಮಂದವಾದ್ದರಿಂದ ಅವನಿಗೆ ಕೇಳಿಸುತ್ತಿರಲಿಲ್ಲ; ರೋಗ ಅವನಿಗೆ ಮಾಡಿದ ಉಪಕಾರ ಅದೊಂದೇ.

ಅಜ್ಜಿಗೂ ಹೀಗೇ ಇತ್ತು: ಸಕ್ಕರೆ ಕಾಯಿಲೆ, ಕಿವುಡು, ಕೊನೆಗೆ ಸೋತ ಹೃದಯ. ಮಾವನಿಗೆ ಮೀಸೆ ಬಲಿಯುವ ಹೊತ್ತಿಗೆ ಅವೆಲ್ಲ ಶುರುವಾದವು. ಮನೆಯ ಹಿರಿಯರು ತೀರ್ಪು ಕೊಟ್ಟರು: ವಂಶ ಬೆಳೆಯುವುದು ಗಂಡುಮಗನಿಂದ, ವಂಶದ ರೋಗವೂ ಅವನಿಂದಲೇ. ಹೆಣ್ಣು ಹೇಗೂ ಕೊಟ್ಟ ಮನೆಯವಳು. ಮಾವ ಅದನ್ನೇ ನಂಬಿದ.

ಎದುರಿನ ಗುಂಡಿ-ದಾರದ ಅಂಗಡಿಯವಳು ಅವನಿಗಾಗಿ ಕಾದಿದ್ದಳು. "ನನ್ನ ಮಕ್ಕಳಿಗೆ ಈ ಪಾಡು ಬೇಡ, ನೀನು ಬೇರೆ ನೋಡ್ಕೋ" ಎಂದುಬಿಟ್ಟ. ಅದೇ ವರ್ಷ ಊರೆಲ್ಲ ಅಲೆದು ತಂಗಿಗೆ, ಅಂದರೆ ನನ್ನ ಅಮ್ಮನಿಗೆ, ಗಂಡು ಹುಡುಕಿದ. ಮದುವೆ ಬಟ್ಟೆಗೆ ತಾನೇ ಇಸ್ತ್ರಿ ಹಾಕಿದ.

ಅಮ್ಮನಿಗೂ ಸಕ್ಕರೆ ಬಂತು, ಕಿವಿ ಹೋಯಿತು, ಹೋದ ವರ್ಷ ಹೃದಯವೂ ನಿಂತಿತು. ಆಗಲೂ ಯಾರ ತಲೆಗೂ ಏನೂ ಹೊಳೆಯಲಿಲ್ಲ. ಬಾಯಿಚಪಲ, ಸಿಹಿ ತಿಂದು ಹಾಳಾದಳು ಎಂದರು. ಸತ್ತವಳ ಮೇಲೆ ಗೂಬೆ ಕೂರಿಸುವುದು ಸುಲಭ.

ಮೊನ್ನೆ ಮಾವನ ಕಾಲು ಊದಿಕೊಂಡಾಗ ಆಸ್ಪತ್ರೆಗೆ ನಾನೇ ಕರೆದೊಯ್ದೆ. ನನ್ನ ಪುಟ್ಟ ಮಗಳು ನನ್ನ ಸೆರಗು ಹಿಡಿದು ತೊಡೆಯ ಮೇಲೆ ನಿದ್ದೆಹೋಗಿದ್ದಳು. ಪರೀಕ್ಷೆಗಳನ್ನೆಲ್ಲ ಮಾಡಿಸಿದ್ದ ಡಾಕ್ಟರಮ್ಮ ನನಗೆ ಬಿಡಿಸಿ ಹೇಳಿದರು.

"ಪ್ರತಿ ಜೀವಕೋಶದಲ್ಲೂ ಪುಟ್ಟ ಒಲೆಗಳಿರ್ತವೆ, ಮೈಟೊಕಾಂಡ್ರಿಯ ಅಂತ. ಊಟ ಉರಿಸಿ ಶಕ್ತಿ ಕೊಡೋದು ಅವೇ. ಇವರಲ್ಲಿ ಅವು ಸರಿಯಾಗಿ ಉರಿಯಲ್ಲ. ಹೃದಯಕ್ಕೆ ಬಿಡುವೇ ಇಲ್ವಲ್ಲ, ಶಕ್ತಿ ಸಾಲದೆ ಸೋಲುತ್ತೆ. ಸಕ್ಕರೆ, ಕಿವಿ, ಎಲ್ಲಾ ಅದರಿಂದಲೇ."

"ನಂಗೆ ಮಕ್ಕಳಾಗಿದ್ರೆ ಅವಕ್ಕೂ ಬರ್ತಿತ್ತಲ್ವಾ ಡಾಕ್ಟ್ರೇ?" ಮಾವ ನಡುವೆ ಕೇಳಿದ. ಒಂಟಿಯಾಗಿ ಸವೆಸಿದ ಬಾಳಿಗೆ ಹೌದು ಎನ್ನುವ ಒಂದು ಮಾತು ಬೇಕಿತ್ತು ಅವನಿಗೆ.

"ಇಲ್ಲ. ಗಂಡಸರಿಂದ ಹೋಗಲ್ಲ. ಇದು ತಾಯಿಯಿಂದ ಮಾತ್ರ ಬರೋದು."

ಅವನಿಗೆ ಕೇಳಿಸಲಿಲ್ಲ. "ಏನಂತೆ?" ಎಂದು ನನ್ನ ಮುಖ ನೋಡಿದ.

ಸುಳ್ಳು ಹೇಳಬಹುದಿತ್ತು. ಆ ಹಿರಿಯರ ಮೇಲೆ ಹೊಟ್ಟೆ ಉರಿಯುತ್ತಿತ್ತು. ಅವನ ಕಿವಿಗೆ ಬಾಯಿಟ್ಟು ಕಿರುಚಿದೆ: "ಗಂಡಸರಿಂದ ಹೋಗಲ್ವಂತೆ ಮಾವ! ಅಮ್ಮಂದಿರಿಂದ ಮಾತ್ರ ಅಂತೆ!"

"ಅಟ್ಟ ಮೇಲೆ ಒಲೆ ಉರೀತು ಬಿಡು" ಎಂದ ಮಾವ. ಆಮೇಲೆ ಅವನ ಕಣ್ಣು ನನ್ನ ತೊಡೆಯತ್ತ ಇಳಿಯಿತು. ನನ್ನ ಕೂಗಿಗೆ ಹೊರಗಿನ ಬೆಂಚಿನವರೆಲ್ಲ ಒಳಗೆ ಇಣುಕುತ್ತಿದ್ದರು. ಮಗಳಿಗೆ ಮಾತ್ರ ಎಚ್ಚರವಾಗಿರಲಿಲ್ಲ.