ಒಂದು ಮಗ್ಗುಲ ಪಟ

ಹೊಳೆನರಸೀಪುರದ ಪೇಟೆ ಬೀದಿಯ ರುದ್ರಯ್ಯನವರ ಪಾತ್ರೆ ಅಂಗಡಿ ಸುತ್ತಿನ ಹಳ್ಳಿಯವರಿಗೆಲ್ಲ ಗೊತ್ತಿದ್ದ ಜಾಗ. ಮದುವೆಗೆ ಕೊಪ್ಪರಿಗೆಯಾಗಲಿ, ಬಾಣಂತಿಗೆ ನೀರು ಕಾಯಿಸುವ ಹಂಡೆಯಾಗಲಿ, ಜನ ಅಲ್ಲಿಗೇ ಬರುತ್ತಿದ್ದರು. ಆ ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಕೂತಿರಬೇಕಾದ ಮಗ ಪಾಲಾಕ್ಷ ಮಾತ್ರ ಕೂತ ಕಡೆ ಕೂರುವ ಆಸಾಮಿಯಲ್ಲ. ಸಕಲೇಶಪುರದ ಕಡೆಯ ಕಾಫಿ ತೋಟದ ಬಿಳಿ ದೊರೆಯೊಬ್ಬ ತನ್ನ ಸೀಮೆಗೆ ಹೊರಟಾಗ ಮನೆ ಸಾಮಾನೆಲ್ಲ ಹರಾಜಿಗೆ ಬಂತು. ಹಳೇ ತಾಮ್ರ ಕೊಂಡು ತಾ ಎಂದು ಅಪ್ಪ ಕಳಿಸಿದರೆ, ಪಾಲಾಕ್ಷ ಮೂರು ಕಾಲಿನ ಕ್ಯಾಮೆರಾ ಹೆಗಲಿಗೇರಿಸಿಕೊಂಡು ಬಂದ.

"ಇದ್ರಲ್ಲಿ ನೀರು ಕಾಯ್ತದೇನ್ಲಾ?" ಎಂದರು ರುದ್ರಯ್ಯ.

"ಮನ್ಸರ ರೂಪು ಹಿಡೀತದೆ ಕಣಪ್ಪಯ್ಯ."

"ಹಿಡಕಂಡು ಏನ್ ಮಾಡ್ತೀಯೆ? ತೂಕ ಹಾಕಿ ಮಾರೀಯಾ?"

ಅಪ್ಪ ನಕ್ಕರೂ ಬೈಯಲಿಲ್ಲ. ಉಗ್ರಾಣದ ಕಿಟಕಿಗೆ ಗೋಣಿ ಬಡಿದು, ಲಾಟೀನಿಗೆ ಕೆಂಪು ಕಾಗದ ಸುತ್ತಿ, ಗಾಜಿನ ಪ್ಲೇಟು ತೊಳೆದು ರೂಪು ಬರಿಸುವುದನ್ನು ಪಾಲಾಕ್ಷ ತಾನೇ ಕಲಿತ. ಕೆಟ್ಟ ಪ್ಲೇಟುಗಳೇ ಅವನ ಮೇಷ್ಟ್ರು. ಅವನಿಗೆ ಒತ್ತಾಸೆಯಾಗಿ ನಿಂತವಳು ತಂಗಿ ಶಿವಗಂಗಮ್ಮ ಒಬ್ಬಳೇ. ನೀರು ಸೇದಿ ಕೊಡುತ್ತಿದ್ದಳು, ತೊಳೆದ ಪ್ಲೇಟು ಹಿಡಿದು ಒಣಗಿಸುತ್ತಿದ್ದಳು. ಹಾಗಂತ ಅಣ್ಣ ಮಾಡಿದ್ದೆಲ್ಲ ಸರಿ ಎನ್ನುವವಳಲ್ಲ. "ಅಣ್ಣಯ್ಯ, ಈ ದೇವಸ್ಥಾನ ದೋಸೆ ಉಯ್ದಂಗೆ ಬಂದದೆ" ಎಂದಳು ಒಂದು ದಿನ, ಮೊಸಳೆ ಎಂಬ ಊರಿನ ಜೋಡಿ ಗುಡಿಗಳ ಪಟ ನೋಡಿ.

ಮಾತು ನಿಜವೇ ಆಗಿತ್ತು. ಕಣ್ಣೆದುರು ನಿಂತಾಗ ಕೈ ಚಾಚಿ ಕರೆಯುವಂತಿದ್ದ ಆ ಕಲ್ಲಿನ ಬೊಂಬೆಗಳು ಪಟದಲ್ಲಿ ಗೋಡೆಗೆ ಸುಣ್ಣ ಬಳಿದಂತೆ ಚಪ್ಪಟೆಯಾಗಿದ್ದವು. ಯಾಕೆ ಹೀಗಾಗುತ್ತದೆಂದು ಪಾಲಾಕ್ಷ ತಲೆ ಕೆರೆದುಕೊಂಡು ಕೂತಿದ್ದಾಗಲೇ, ಮೂವತ್ತೆಂಟನೇ ಇಸವಿಯ ಜ್ಯೇಷ್ಠ ಮಾಸದಲ್ಲಿ, ಹಾಸನದಲ್ಲಿ ಬೆಳಕಿನ ಪಾಠ ನಡೆಯುತ್ತದೆಂಬ ಸುದ್ದಿ ಬಂತು. ಮೈಸೂರಿನಲ್ಲಿ ಸ್ಟುಡಿಯೋ ಇಟ್ಟಿದ್ದ ಮಂಜುನಾಥಯ್ಯ ಎಂಬುವರು ಅಕ್ಕಿ ಮಂಡಿಯೊಂದರ ಮಹಡಿಯಲ್ಲಿ ಮೂರು ದಿನ ಹೇಳಿಕೊಡುತ್ತಾರಂತೆ. ಆಸಕ್ತಿ ಇದ್ದವರು ಯಾರಾದರೂ ಬರಬಹುದಂತೆ.

ಅದೇ ಹೊತ್ತಿಗೆ ಮನೆಯಲ್ಲಿ ಇನ್ನೊಂದು ಮಾತು ನಡೆದಿತ್ತು. ಅರಕಲಗೂಡಿನ ಜವಳಿ ವರ್ತಕರ ಮನೆಯ ಹುಡುಗ ಗೌರೀಶಂಕರ ಭದ್ರಾವತಿಯ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಶಿವಗಂಗಮ್ಮನಿಗೆ ಆ ಸಂಬಂಧ ಬಂದಿತ್ತು. ಹುಡುಗನಿಗೆ ರಜ ಸಿಕ್ಕುವುದಿಲ್ಲ, ಪಟ ಕಳಿಸಿ, ಮನೆಯ ಹಿರಿಯರು ಮೊದಲು ನೋಡಿ ಆಮೇಲೆ ಹುಡುಗನಿಗೆ ಕಳಿಸುತ್ತಾರೆ ಎಂದು ಮಧ್ಯಸ್ಥಗಾರ ಷಡಕ್ಷರಿ ಹೇಳಿ ಹೋಗಿದ್ದ. ಅಮಾವಾಸ್ಯೆ ಕಳೆದರೆ ಆಷಾಢ. ಆಷಾಢದಲ್ಲಿ ಯಾರೂ ಹೆಣ್ಣಿನ ಮಾತೆತ್ತುವುದಿಲ್ಲ. ಅಷ್ಟರೊಳಗೆ ಪಟ ಅರಕಲಗೂಡು ಸೇರಬೇಕು.

ಶಿವಗಂಗಮ್ಮ ಆ ಹುಡುಗನನ್ನು ನುಗ್ಗೇಹಳ್ಳಿಯ ಮದುವೆಯೊಂದರಲ್ಲಿ ನೋಡಿದ್ದಳು. ಪಂಕ್ತಿಯಲ್ಲಿ ಅವಳು ಬಡಿಸಿದ ಪಾಯಸವನ್ನು ಎಲೆಯಿಂದಾಚೆ ಹರಿಯದಂತೆ ಅಂಗೈ ಅಡ್ಡ ಇಟ್ಟು ಕೂತಿದ್ದನಂತೆ. ಇದನ್ನು ಅಣ್ಣನ ಮುಂದೆ ಹೇಳಿ ನಕ್ಕಳು. ಪಾಲಾಕ್ಷನಿಗೆ ಅಷ್ಟರಲ್ಲೇ ಅರ್ಥವಾಯಿತು.

ಅವಳ ಪಟ ಒಂದು ಆಗಲೇ ಇತ್ತು. ಅಂಗಳದ ಬಿಸಿಲಲ್ಲಿ ಕುರ್ಚಿಗೆ ಕೈಯಾನಿಸಿ ನಿಂತಿದ್ದು. ಬಿಸಿಲಿಗೆ ಕಣ್ಣು ಕಿರಿದಾಗಿತ್ತು, ಅಷ್ಟೇ. ರುದ್ರಯ್ಯ ಅದನ್ನೇ ಎತ್ತಿ ಮಗನ ಕೈಗಿಟ್ಟರು.

"ಲಕ್ಷಣವಾಗದೆ. ಲಕೋಟೆಗೆ ಹಾಕಿ ಷಡಕ್ಷರಿಗೆ ಕೊಟ್ಬುಡು."

"ಹಾಸನಕ್ಕೆ ಓಗಿ ಬತ್ತೀನಿ ಅಪ್ಪಯ್ಯ. ಆಮೇಲೆ ಕೊಡ್ತೀನಿ" ಎಂದ ಪಾಲಾಕ್ಷ. ಅವನ ಮನಸ್ಸಿನಲ್ಲಿ ಬೇರೆಯದೇ ಕುದಿಯುತ್ತಿತ್ತು.

ಮಂಡಿಯ ಮಹಡಿಯಲ್ಲಿ ಡ್ರಾಯಿಂಗ್ ಮೇಷ್ಟ್ರು, ಕೋರ್ಟಿನ ಗುಮಾಸ್ತರು, ರೈಲ್ವೆಯವರು ಸೇರಿ ಒಂದಷ್ಟು ಜನ ಚಾಪೆಯ ಮೇಲೆ ಕೂತಿದ್ದರು. ಪಾಲಾಕ್ಷ ಮೊಸಳೆ ಗುಡಿಗಳ ಪಟ ತೆಗೆದು ಮುಂದಿಟ್ಟ.

"ಯಾವ ಹೊತ್ತಲ್ಲಿ ತೆಗೆದಿರಿ?" ಮಂಜುನಾಥಯ್ಯ ಕೇಳಿದರು.

"ನಡು ಮಧ್ಯಾಹ್ನ ಸಾ. ಬೆಳಕು ಚೆನ್ನಾಗಿರ್ತದೆ ಅಂತ."

"ಚೆನ್ನಾಗಿರೋದಲ್ಲ, ಜಾಸ್ತಿ ಇರೋದು. ಶಿಲ್ಪಿ ಉಳಿ ಹಿಡಿದು ಕಷ್ಟಪಟ್ಟು ನೆರಳು ಮಾಡಿದಾನೆ, ನೀವು ಸೂರ್ಯನ್ನ ನೆತ್ತಿ ಮೇಲೆ ನಿಲ್ಲಿಸಿ ಅದನ್ನೆಲ್ಲ ಅಳಿಸಿಬಿಟ್ಟಿದೀರಿ. ಸಂಜೆ ಓರೆ ಬಿಸಿಲಲ್ಲಿ ಹೋಗಿ ತೆಗೀರಿ."

ಆಮೇಲೆ ಅವರು ಕಿಟಕಿಗಳಿಗೆಲ್ಲ ಗೋಣಿ ಇಳಿಬಿಟ್ಟು, ಒಂದನ್ನು ಮಾತ್ರ ಅರ್ಧ ತೆಗೆದರು. ಮಂಡಿಯ ಹಮಾಲಿ ಚಿಕ್ಕಯ್ಯನನ್ನು ಕರೆದು ಕಿಟಕಿಯ ಮಗ್ಗುಲಿಗೆ ಕೂರಿಸಿದರು. ಬೆಳಗಿನಿಂದ ಮೂಟೆ ಹೊರುತ್ತಿದ್ದ ಆ ಮನುಷ್ಯನನ್ನು ಯಾರೂ ತಿರುಗಿ ನೋಡಿರಲಿಲ್ಲ. ಈಗ ಬೆಳಕು ಅವನ ಒಂದು ಕೆನ್ನೆಯ ಮೇಲೆ ಇಳಿದು, ಮೂಗಿನ ಆಚೆ ಕತ್ತಲಾಗಿ, ಅವನು ದೇವಸ್ಥಾನದ ಕಂಬದಿಂದ ಎದ್ದು ಬಂದವನಂತೆ ಕಂಡ. ಎಲ್ಲರೂ ಚಾಪೆಯ ಮೇಲೆ ಮುಂದಕ್ಕೆ ಬಾಗಿದರು.

"ಏನ್ ಬುದ್ದಿ, ಅಂಗ್ ನೋಡ್ತೀರಾ? ನಾನೇನು ಕಾಸು ಕದ್ದಿಲ್ಲ" ಎಂದ ಚಿಕ್ಕಯ್ಯ. ಮಹಡಿಗೆ ಮಹಡಿಯೇ ನಕ್ಕಿತು. ಪಾಲಾಕ್ಷ ನಗಲಿಲ್ಲ. ಇಷ್ಟು ವರ್ಷ ತಾನು ಕಣ್ಣಿದ್ದೂ ಏನು ಮಾಡುತ್ತಿದ್ದೆ ಎಂದುಕೊಂಡ.

ಎರಡನೇ ದಿನ ಒಬ್ಬೊಬ್ಬರೂ ಪಟ ತೆಗೆದರು. ಪಾಲಾಕ್ಷನ ಪ್ಲೇಟು ತೊಳೆದು ನೋಡಿ ಮಂಜುನಾಥಯ್ಯ, "ಕೈ ಕುದುರಿದೆ ನಿಮಗೆ" ಎಂದರು. ಅಷ್ಟು ಸಾಕಾಯಿತು. "ಕಲ್ಲಿಗೆ ಇಷ್ಟು ಗೊತ್ತಿದ್ದರೆ ನಡೆಯುತ್ತೆ. ಮನುಷ್ಯರ ಮುಖದ ವಿಷಯ ನಾಳೆ ಹೇಳ್ತೀನಿ. ಕತ್ತಲು ಕಡೆಗೆ ಬಿಳೀ ಪಂಚೆ ಹಿಡಿದು ಬೆಳಕು ವಾಪಸು ತರಬೇಕು, ಅದೇ ದೊಡ್ಡ ಪಾಠ" ಎಂದು ಅವರು ಹೇಳುತ್ತಲೇ ಇದ್ದರು, ಪಾಲಾಕ್ಷನ ಕಿವಿ ಆಗಲೇ ರೈಲಿನ ಕಡೆಗಿತ್ತು. ಅಮಾವಾಸ್ಯೆ ಹತ್ತಿರ ಬಂದಿತ್ತು. ಇನ್ನೊಂದು ದಿನ ನಿಂತರೆ ತಂಗಿಯ ಹೊಸ ಪಟ ತೆಗೆದು, ಪ್ಲೇಟು ತೊಳೆದು, ಕಾಗದಕ್ಕಿಳಿಸಿ, ಒಣಗಿಸಿ ಕೊಡಲು ಹೊತ್ತು ಸಾಲದು. ಮೂರನೇ ದಿನ ಬೆಳಗ್ಗೆಯೇ ಅವನು ಊರಿನ ದಾರಿ ಹಿಡಿದ.

ಬಂದವನೇ ತಂಗಿಯನ್ನು ಪಡಸಾಲೆಯ ಕಿಟಕಿಯ ಮಗ್ಗುಲಿಗೆ ಕೂರಿಸಿದ. ಉಳಿದ ಬಾಗಿಲು, ಗವಾಕ್ಷಿಗಳನ್ನೆಲ್ಲ ಕಂಬಳಿಯಿಂದ ಮುಚ್ಚಿದ.

"ಇದ್ಯಾಕಣ್ಣಯ್ಯ, ಕಳ್ಳರು ಬಂದವ್ರಾ?"

"ಅಲ್ಲಾಡ್ಬೇಡ ಕಣವ್ವ. ಉಸ್ರು ಬಿಗಿ ಹಿಡಿ."

"ಉಸ್ರು ಬಿಗಿ ಹಿಡಿದ್ರೆ ಮುಖ ಊದ್ಕತದೆ" ಎಂದಳು. ಆದರೂ ಕೂತಳು, ಕಲ್ಲು ಕೂತಂತೆ.

ಪಟ ಬಂತು. ಹಣೆಯ ವಿಭೂತಿಯ ಅಂಚಿನಿಂದ ಗಲ್ಲದವರೆಗೆ ಒಂದು ಕಡೆ ಹಾಲು ಹೊಯ್ದಂಥ ಬೆಳಕು, ಇನ್ನೊಂದು ಕಡೆ ಪೂರಾ ಕತ್ತಲು. ಆ ಕತ್ತಲಿಂದಲೇ ಬೆಳಕಿನ ಕೆನ್ನೆ ಎದ್ದು ಬಂದ ಹಾಗಿತ್ತು. ಪಾಲಾಕ್ಷ ಅದನ್ನು ನೋಡಿ ನೋಡಿ ಮೈಮರೆತ. ಷಡಕ್ಷರಿ ಬಸ್ಸಿಗೆ ಹೊರಟು ಬೀದಿಯಲ್ಲಿ ನಿಂತು ಕೂಗುತ್ತಿದ್ದ. ಅಪ್ಪ ಕೊಟ್ಟ ಅಂಗಳದ ಪಟವನ್ನು ಪೆಟ್ಟಿಗೆಗೆ ತಳ್ಳಿ, ಇದನ್ನು ಲಕೋಟೆಗೆ ಹಾಕಿ, ಅಂಟು ಹಚ್ಚಿ ಕೊಟ್ಟುಬಿಟ್ಟ. ಅಪ್ಪನಿಗೆ ತೋರಿಸಲಿಲ್ಲ. ತಂಗಿಗೂ ತೋರಿಸಲಿಲ್ಲ. ಒಪ್ಪಿಗೆ ಬಂದ ಮೇಲೆ ಇನ್ನೊಂದು ಪ್ರತಿ ತೆಗೆದು ಎಲ್ಲರನ್ನೂ ಬೆರಗು ಮಾಡಿಸೋಣ ಎಂದಿದ್ದ.

ಆಷಾಢ ಕಳೆಯಿತು. ಶ್ರಾವಣದಲ್ಲಿ ಷಡಕ್ಷರಿ ಅಂಗಡಿಗೆ ಬಂದು ಜಗುಲಿಯ ತುದಿಯಲ್ಲಿ ಕೂತ. ಒಳಗೆ ಬಾ ಎಂದರೂ ಬರಲಿಲ್ಲ.

"ರುದ್ರಯ್ಯನವ್ರೇ, ನಾನು ನಿಮ್ಮ ಮನೆ ಅನ್ನ ತಿಂದೋನು. ಒಂದ್ ಮಾತು ಮುಚ್ಚುಮರೆ ಇಲ್ದೆ ಯೋಳ್ಬುಡಿ. ಮಗೀನ ಎಡಗಣ್ಣು ಸರಿಯಾಗದೋ ಇಲ್ವೋ?"

"ಏನ್ ಮಾತು ಅಂತ ಆಡ್ತೀಯಯ್ಯ! ಹುಟ್ಟಿದಾಗ್ಲಿಂದ ನೋಡಿಲ್ವಾ ನೀನು?"

"ನಾನು ನೋಡಿವ್ನಿ. ಅವರು ನೋಡ್ಬೇಕಲ್ಲ! ಪಟದಾಗೆ ಅರ್ಧ ಮುಖವೇ ಇಲ್ಲ. ಸರಿಯಾಗಿದ್ರೆ ಯಾಕೆ ಕತ್ಲಲ್ಲಿ ಬಚ್ಚಿಡ್ತಿದ್ರು ಅಂತ ಕೇಳ್ತವ್ರೆ."

ರುದ್ರಯ್ಯ ಮಗನ ಮುಖ ನೋಡಿದರು. ಪಾಲಾಕ್ಷ ಎದ್ದು ಒಳಗೆ ಹೋಗಿ ಪೆಟ್ಟಿಗೆ ತೆಗೆದ. ಅಂದೇ ಅಂಗಳದ ಪಟವನ್ನು ಜೇಬಿಗಿಟ್ಟು ಅರಕಲಗೂಡಿನ ಬಸ್ಸು ಹತ್ತಿದ.

ಗೌರೀಶಂಕರನ ಅಜ್ಜಿ ಬಸವಲಿಂಗಮ್ಮ ನಡುಮನೆಯಲ್ಲಿ ಹತ್ತಿ ಬಿಡಿಸುತ್ತಿದ್ದರು. ಅವನು ತಂದ ಪಟವನ್ನು ಬಾಗಿಲ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಎರಡು ಕಣ್ಣೂ ಅವೆ" ಎಂದರು ಕೊನೆಗೆ. "ಕಳೆಯಾಗವ್ಳೆ ಉಡುಗಿ. ಇದ್ನ ಯಾಕಪ್ಪ ಮೊದ್ಲೇ ಕಳಿಸ್ಲಿಲ್ಲ?"

"ಅದು ಹೊಸ ವಿದ್ಯೆ ಅಮ್ಮಾ. ಬೆಳಕು ಓರೆ ಬಿದ್ರೆ ರೂಪು ಎದ್ದು ಕಾಣ್ತದೆ ಅಂತ..."

"ಎಣ್ಣು ಕೇಳೋರಿಗೆ ಎಣ್ಣು ಕಾಣ್ಬೇಕು ಕಣಪ್ಪ. ನಿನ್ನ ವಿದ್ಯೆ ಅಲ್ಲ."

"ಇದನ್ನ ಈಗ ಹುಡುಗನಿಗೆ ಕಳಿಸಿ ಅಮ್ಮಾ, ಇಲ್ಲಾಂದ್ರೆ ನೀವೇ ಬಂದು ನೋಡಿ" ಎಂದು ಬೇಡಿಕೊಂಡ.

ಮುದುಕಿ ಹತ್ತಿಯ ಬುಟ್ಟಿ ಪಕ್ಕಕ್ಕಿಟ್ಟರು. ದನಿಯಲ್ಲಿ ಸಿಟ್ಟಿರಲಿಲ್ಲ. "ಶ್ರಾವಣದ ಮೊದಲ್ನೇ ಸೋಮವಾರ ಕೊಣನೂರಿನೋರಿಗೆ ಎಲೆ ಅಡಿಕೆ ಕೊಟ್ಬುಟ್ವು. ಎಲೆ ಅಡಿಕೆ ಕೈ ಬದಲಾದ ಮೇಲೆ ನಾವು ಮಾತು ತಿರುಗ್ಸೋ ಜನ ಅಲ್ಲ. ನಿಮ್ಮ ಪಟ ಉಡುಗನಿಗೆ ಕಳಿಸ್ಲೇ ಇಲ್ಲ ಕಣಪ್ಪ. ಕಳಿಸೋ ಅಂಗಿರ್ಲಿಲ್ಲ."

ಲಕೋಟೆ ವಾಪಸು ಕೊಟ್ಟರು, ಮಜ್ಜಿಗೆಯನ್ನೂ ಕೊಟ್ಟರು. ಹೇಮಾವತಿ ದಾಟುವಾಗ ಪಾಲಾಕ್ಷ ಆ ಒಂದು ಮಗ್ಗುಲ ಪಟವನ್ನು ಚೂರು ಚೂರು ಮಾಡಿ ಬಸ್ಸಿನಿಂದ ತೂರಿದ. ಮನೆಗೆ ಬಂದು ಅದರ ಗಾಜಿನ ಪ್ಲೇಟನ್ನು ರೂಪು ಪೂರಾ ಅಳಿಯುವಂತೆ ಬೂದಿ ಹಾಕಿ ಉಜ್ಜಿ ತೊಳೆದ.

ಅಲ್ಲಿಗೆ ಮುಗಿದಿದ್ದರೆ ಹೇಗೋ ಆಗುತ್ತಿತ್ತು. ರುದ್ರಯ್ಯನ ಮಗಳಿಗೆ ಒಂದು ಕಣ್ಣಿಲ್ಲವಂತೆ ಎಂಬ ಮಾತು ಸಂತೆಯಿಂದ ಸಂತೆಗೆ ನಡೆಯಿತು. ಆಮೇಲೆ ಹೆಣ್ಣು ನೋಡಲು ಬಂದವರೆಲ್ಲ ಉಪ್ಪಿಟ್ಟು ತಿಂದದ್ದಕ್ಕಿಂತ ಹೆಚ್ಚಾಗಿ ಅವಳ ಕಣ್ಣನ್ನೇ ತಿಂದರು. ಹಾಸನದಿಂದ ಬಂದ ಹೆಂಗಸೊಬ್ಬಳು ತುಂಬಿದ ಪಡಸಾಲೆಯಲ್ಲಿ ಶಿವಗಂಗಮ್ಮನ ಬಲಗಣ್ಣನ್ನು ತನ್ನ ಕೈಯಿಂದ ಮುಚ್ಚಿ, "ಮಗಾ, ನನ್ ಕೊರಳಾಗೇನದೆ ಯೋಳು" ಎಂದಳು.

"ಸರ ಅದೆ. ಕೊಂಡಿ ಕಿತ್ತೋಗಿ ದಾರ ಕಟ್ಟಿದ್ದೀರಿ" ಎಂದು ಶಿವಗಂಗಮ್ಮ ಆ ಕೈ ತೆಗೆದಿಟ್ಟು ಒಳಗೆ ಹೋದಳು. ಮತ್ತೆ ಯಾರ ಮುಂದೆಯೂ ಕೂರುವುದಿಲ್ಲವೆಂದಳು. ಅಣ್ಣನನ್ನು ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ಪಾಲಾಕ್ಷನಿಗೆ ಅನ್ನ ಇಳಿಯುತ್ತಿತ್ತೇನೋ.

ಕೊನೆಗೆ ಒಪ್ಪಿದವರು ಚನ್ನರಾಯಪಟ್ಟಣದಲ್ಲಿ ಕೊಬ್ಬರಿ ವ್ಯಾಪಾರ ಮಾಡುವ ಚೆನ್ನಯ್ಯನವರು. ಮೊದಲ ಹೆಂಡತಿ ತೀರಿಕೊಂಡು ಮಕ್ಕಳು ಚಿಕ್ಕವಿದ್ದವು. ಒಳ್ಳೆಯ ಮನುಷ್ಯ, ಆದರೆ ಅಪ್ಪನ ಸರೀಕ. ಹೆಣ್ಣು ನೋಡಲೂ ಇಲ್ಲ, ಪಟ ಕೇಳಲೂ ಇಲ್ಲ. ಮದುವೆಯಲ್ಲಿ ಪಟ ತೆಗೆಯಬೇಕೆಂದು ಯಾರೋ ಹೇಳಿದರು. ಪಾಲಾಕ್ಷ ಪ್ಲೇಟು ಸಿಕ್ಕುವುದಿಲ್ಲ, ಯುದ್ಧ ಅಲ್ಲವೇ ಎಂದುಬಿಟ್ಟ. ಉಗ್ರಾಣದಲ್ಲಿ ಪ್ಲೇಟು ಇತ್ತು. ತಂಗಿಯತ್ತ ಕ್ಯಾಮೆರಾ ತಿರುಗಿಸುವ ಧೈರ್ಯ ಇರಲಿಲ್ಲ. ಆಮೇಲೆ ಅವನು ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆಯೇ ಕೂತ. ಅಪ್ಪನಿಗೆ ಬೇಕಾಗಿದ್ದುದೂ ಅದೇ, ಆದರೂ ಮಗ ಹಾಗೆ ಕೂತದ್ದನ್ನು ನೋಡಿ ರುದ್ರಯ್ಯ ಖುಷಿಪಟ್ಟಂತೆ ಕಾಣಲಿಲ್ಲ.

ಯುದ್ಧ ಮುಗಿದ ಮರುವರ್ಷ, ಇದ್ದಿಲ ಹೊಗೆ ಕಾರುವ ಬಸ್ಸು ಹತ್ತಿ ಪಾಲಾಕ್ಷ ಚನ್ನರಾಯಪಟ್ಟಣಕ್ಕೆ ಹೋದ. ಗೌರಿ ಹಬ್ಬಕ್ಕೆ ತಂಗಿಗೆ ಬಾಗಿನ ಕೊಡಬೇಕಿತ್ತು. ಶಿವಗಂಗಮ್ಮ ಹಿತ್ತಿಲಲ್ಲಿ ಕೊಬ್ಬರಿ ಹರವುತ್ತಿದ್ದಳು. ಮುಂದಲೆ ಆಗಲೇ ಅಲ್ಲಲ್ಲಿ ಬೆಳ್ಳಗಾಗಿತ್ತು. ಅವನೂ ಕೂತು ಕೊಬ್ಬರಿ ತಿರುವಿ ಹಾಕತೊಡಗಿದ. ವರ್ಷಗಟ್ಟಲೆ ನಾಲಿಗೆಯ ತುದಿಗೆ ಬಂದು ಹಿಂದೆ ಹೋಗುತ್ತಿದ್ದ ಮಾತು ಅಂದು ಹೊರಗೆ ಬಂತು.

"ನಿನ್ನ ಬಾಳು ನಾನು ಕೆಡಿಸ್ದೆ ಕಣವ್ವ."

ಅವಳ ಕೈ ನಿಲ್ಲಲಿಲ್ಲ. "ಬಾಳೇನು ಕೆಟ್ಟಿಲ್ಲ. ಅವರು ಒಳ್ಳೇರು. ಮಕ್ಳು ನನ್ನೇ ಅವ್ವ ಅಂತವೆ." ಇನ್ನೊಂದು ಬುಟ್ಟಿ ಕೊಬ್ಬರಿ ಸುರಿದಳು. "ಆದ್ರೆ ಅಣ್ಣಯ್ಯ, ಕಳಿಸೋಕ್ ಮುಂಚೆ ಅದ್ನ ನಂಗೊಂದು ದಪ ತೋರ್ಸಬೌದಾಗಿತ್ತು. ಕೂತಿದ್ದೋಳು ನಾನು. ಎಲ್ರೂ ನೋಡಿದ್ರು, ನಾನೇ ನೋಡ್ಲಿಲ್ಲ."

"ತೋರ್ಸಿದ್ರೆ ನೀನೇನ್ ಯೋಳ್ತಿದ್ದೆ?"

"ಬ್ಯಾಡ ಅಂತಿದ್ದೆ. ದೇವಸ್ಥಾನದ ಪಟಕ್ಕೆ ಯೋಳಿರ್ಲಿಲ್ವಾ?" ಎಂದು ಅವಳು ಮೊದಲ ಸಲ ತಲೆಯೆತ್ತಿ ಅಣ್ಣನನ್ನು ನೋಡಿದಳು. "ಎಲ್ಲದೆ ಈಗ?"

"ಅರಿದಾಕ್ಬುಟ್ಟೆ. ಪ್ಲೇಟೂ ಉಜ್ಜಿ ತೊಳೆದ್ಬುಟ್ಟೆ."

"ಅಯ್ಯೋ! ಅದ್ಯಾಕೆ ತೊಳೆದೆ?" ಎಂದಳು. ಇಷ್ಟು ವರ್ಷದಲ್ಲಿ ಅವಳ ಮುಖದಲ್ಲಿ ನೋವು ಅವನಿಗೆ ಕಂಡದ್ದು ಅದೊಂದೇ ಸಲ. "ಎಂಗಿದ್ದೆ ಅದ್ರಲ್ಲಿ?"

ಪಾಲಾಕ್ಷ ಹೇಳಲು ಬಾಯಿ ತೆರೆದ. ಕಿಟಕಿಯ ಬೆಳಕು, ವಿಭೂತಿ, ಕೆನ್ನೆ, ಎಲ್ಲವೂ ಕಣ್ಣಿಗೆ ಕಟ್ಟಿದ ಹಾಗಿತ್ತು. ಕೈಯಲ್ಲಿದ್ದ ಕೊಬ್ಬರಿ ಹೋಳಿನ ಧೂಳು ಒರೆಸಿದ.

"ಚೆನ್ನಾಗಿದ್ದೆ" ಎಂದ.

ಶಿವಗಂಗಮ್ಮ ಇನ್ನೂ ಏನೋ ಹೇಳುತ್ತಾನೆಂದು ಅವನ ಮುಖ ನೋಡಿದಳು. ಅವನು ಮತ್ತೆ ಕೊಬ್ಬರಿ ತಿರುವಿ ಹಾಕತೊಡಗಿದ. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ, ಮೋಡ ಬರುತ್ತಿದೆಯೆಂದು ಹರವಿದ ಕೊಬ್ಬರಿಯನ್ನು ಮತ್ತೆ ಒಟ್ಟು ಮಾಡತೊಡಗಿದಳು.